ಸಮ ಚಿಹ್ನೆಯ ಎರಡು ಪಕ್ಕದ ಜಾಗ

ನಾನು ಇಷ್ಟು ವರ್ಷ ಏನು ಕೆಲಸ ಮಾಡಿದೆ ಎನ್ನುವುದು ನಮ್ಮ ಬೀಗರಿಗೆ ಇವತ್ತಿಗೂ ಅರ್ಥವಾಗಿಲ್ಲ. ಅವರು ಲಕ್ಕವಳ್ಳಿಯವರು, ಅಣೆಕಟ್ಟಿನಲ್ಲಿ ಗೇಟು ಎತ್ತಿ ಇಳಿಸಿ ನಿವೃತ್ತರಾದವರು. ಮಗಳ ಮದುವೆಯ ಮಾತುಕತೆಯ ದಿನ ಎಲ್ಲರ ಎದುರಿಗೆ, ‘ತಮ್ಮದೇನು ಉದ್ಯೋಗ?’ ಎಂದು ಕೇಳಿದರು.

‘ಕಂಪ್ಯೂಟರಲ್ಲಿ, ಫೋನಲ್ಲಿ ಗಣಿತದ ಪಾಠ ಬರ್ತವಲ್ಲ, ಅದ್ರಲ್ಲಿ ಸೂತ್ರದ ಮಧ್ಯೆ ಜಾಗ ಹೆಚ್ಚುಕಮ್ಮಿ ಆದ್ರೆ ಸರಿ ಮಾಡ್ತೀನಿ’ ಎಂದೆ.

ಜಾಗ ಎಂದ ಕೂಡಲೇ ಅವರು ನೆಟ್ಟಗೆ ಕೂತರು. ‘ಓಹೋ, ಸರ್ವೆ ಇಲಾಖೆ!’ ಎಂದರು. ಅಲ್ಲವೆಂದು ವಿವರಿಸಿದೆ. ಎಲ್ಲ ಕೇಳಿಸಿಕೊಂಡು, ‘ನೋಡಿ, ನಾನು ಗೇಟು ಎತ್ತಿದ್ರೆ ನೀರು ಬರ್ತಿತ್ತು. ನೀವು ಜಾಗ ಬಿಟ್ರೆ ಏನ್ ಬತ್ತದೆ?’ ಎಂದರು.

‘ಸಂಬಳ ಬತ್ತದೆ’ ಎಂದೆ. ಪುಣ್ಯಕ್ಕೆ ಮದುವೆ ಮುರಿಯಲಿಲ್ಲ.

ನಾನು ಕೆಲಸ ಬಿಟ್ಟ ಮೇಲೆ ಈಗ ನಮ್ಮ ಆಫೀಸಿಗೆ ಹೊಸಬರು ಸೇರಿದ್ದಾರಂತೆ. ಅವರಿಗೂ ಮನೆಯವರು ಇದೇ ಪ್ರಶ್ನೆ ಕೇಳುತ್ತಿದ್ದಾರಂತೆ. ‘ಈ ಕೆಲಸ ನಿಜವಾಗ್ಲೂ ಹೆಂಗಿರುತ್ತೆ ಅಂತ ಬರ್ದುಕೊಡಿ ಅಂಕಲ್’ ಎಂದು ಕವಿತಾ ಕೇಳಿದಳು. ಕವಿತಾ ತರೀಕೆರೆಯ ಹುಡುಗಿ, ನಮ್ಮ ಆಫೀಸಿನ ಕಂಪ್ಯೂಟರ್ ಇಂಜಿನಿಯರ್, ನನಗಿಂತ ಮೂವತ್ತು ವರ್ಷ ಚಿಕ್ಕವಳು, ನನಗೆ ಗುರು. ಅವಳ ಮಾತಿಗೆ ಇಲ್ಲ ಎನ್ನಲಾಗದೆ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಸಾಧನೆ ಹುಡುಕಬೇಡಿ. ಮಾಡಿದ ಎಡವಟ್ಟುಗಳೇ ಹೆಚ್ಚಿವೆ.

ನಾನು ಹುಟ್ಟಾ ಮೊಳೆ ಜೋಡಿಸುವವನು. ಕಡೂರಿನ ಸ್ಟೇಷನ್ ರಸ್ತೆಯ ಒಂದು ಪ್ರೆಸ್ಸಿನಲ್ಲಿ ಸೀಸದ ಅಕ್ಷರಗಳನ್ನು ಒಂದೊಂದಾಗಿ ಎತ್ತಿ ಸಾಲು ಕಟ್ಟುತ್ತಿದ್ದೆ. ಲಗ್ನಪತ್ರಿಕೆ, ಕರಪತ್ರ, ಆಮೇಲೆ ಶಾಲೆಗಳ ಪ್ರಶ್ನೆಪತ್ರಿಕೆ. ಗಣಿತದ ಪ್ರಶ್ನೆಪತ್ರಿಕೆ ಬಂದರೆ ಉಳಿದವರೆಲ್ಲ ಕಾಫಿಗೆ ಎದ್ದು ಹೋಗುತ್ತಿದ್ದರು, ನಾನೊಬ್ಬ ಕೂರುತ್ತಿದ್ದೆ. ಗಣಿತ ಬರುತ್ತಿತ್ತು ಅಂತಲ್ಲ. ಅದರ ಸುತ್ತಲಿನ ಜಾಗ ಬರುತ್ತಿತ್ತು. ಸಮ ಚಿಹ್ನೆಯ ಎರಡು ಪಕ್ಕಕ್ಕೂ ಒಂದೊಂದು ತೆಳು ಸೀಸದ ಚೂರು ಇಡಬೇಕು. ಚೂರು ಮುಗಿದರೆ ಮಿಕ್ಕ ಲಗ್ನಪತ್ರಿಕೆಯ ರಟ್ಟು ಕತ್ತರಿಸಿ ತುರುಕುತ್ತಿದ್ದೆ. ಸಾಲು ಉದ್ದವಾಗಿ ಅಚ್ಚಿನ ಚೌಕಟ್ಟಿನಲ್ಲಿ ಕೂರದಿದ್ದರೆ ಮೊಳೆಯ ಪಕ್ಕವನ್ನು ಕಲ್ಲಿಗೆ ಉಜ್ಜಿ ಸಣ್ಣದು ಮಾಡುತ್ತಿದ್ದೆ. ಯಜಮಾನರಿಗೆ ಗೊತ್ತಾದರೆ ಬೈಗುಳ ಗ್ಯಾರಂಟಿ. ಆದರೆ ಸಾಲು ಮಾತ್ರ ಚೆನ್ನಾಗಿ ಕೂರುತ್ತಿತ್ತು. ಈ ಉಜ್ಜುವ ಚಾಳಿಯನ್ನು ನೆನಪಿಟ್ಟುಕೊಳ್ಳಿ, ಇದೇ ಮುಂದೆ ನನ್ನ ಮಾನ ಕಳೆದದ್ದು.

ಸೀಸ ಹೋಗಿ ಕಂಪ್ಯೂಟರ್ ಬಂತು, ಕಾಗದವೂ ಕಡಿಮೆಯಾಯಿತು. ಯಜಮಾನರು ಪ್ರೆಸ್ಸಿನ ಮೇಲಿನ ಮಹಡಿಯಲ್ಲಿ ನಾಲ್ಕು ಮೇಜು ಹಾಕಿ, ಹತ್ತನೇ ತರಗತಿಯ ಗಣಿತವನ್ನು ಕನ್ನಡದಲ್ಲಿ ವೆಬ್ ಪುಟಗಳಾಗಿ ಮಾಡುವ ಕೆಲಸ ಶುರು ಮಾಡಿದರು. ಪಾಠ ಬರೆದು ತಿದ್ದಲು ನಿಂಗಪ್ಪ ಮೇಷ್ಟ್ರು ಬಂದರು. ಅಜ್ಜಂಪುರದವರು, ನಿವೃತ್ತ ಗಣಿತದ ಮೇಷ್ಟ್ರು, ದಿನಾ ರೈಲಿನಲ್ಲಿ ಬರುತ್ತಿದ್ದರು. ಇಡೀ ಆಫೀಸು ಅವರಿಗೆ ಒಂಬತ್ತನೇ ತರಗತಿ ‘ಬಿ’ ವಿಭಾಗವಿದ್ದ ಹಾಗೆ. ಯಜಮಾನರೂ ಅವರೆದುರು ಕೈ ಕಟ್ಟಿ ನಿಲ್ಲುತ್ತಿದ್ದರು.

ಮೊದಲ ವಾರವೇ ನಾನು ಹಾಕಿದ ಕಳೆಯುವ ಚಿಹ್ನೆಗಳೆಲ್ಲ ಮೊಂಡಾಗಿ, ಪಕ್ಕದ ಅಂಕಿಗೆ ಅಂಟಿಕೊಂಡು ನಿಂತವು. ಕೀಲಿಮಣೆಯಲ್ಲಿದ್ದ ಅಡ್ಡಗೆರೆಯನ್ನೇ ಒತ್ತಿ, ಆಚೀಚೆ ಜಾಗ ಸಾಲದೆಂದು ಒಂದೆರಡು ಖಾಲಿ ಜಾಗವನ್ನೂ ಒತ್ತಿದ್ದೆ. ಕವಿತಾ ನೋಡಿ ತಲೆ ಮೇಲೆ ಕೈ ಹೊತ್ತಳು.

‘ಅಂಕಲ್, ಇಲ್ಲಿ ಜಾಗ ನೀವು ಕೊಡೋದಲ್ಲ. ಇದು ಕಳೆಯೋ ಗುರುತು ಅಂತ ಅದಕ್ಕೆ ಹೇಳಿ ಸಾಕು, ಜಾಗ ಅದೇ ಬಿಟ್ಕೊಳ್ಳುತ್ತೆ. ಐದರಲ್ಲಿ ಮೂರು ಕಳೆದ್ರೆ ಎರಡು ಪಕ್ಕಕ್ಕೂ ಜಾಗ, ಬರೀ ಋಣ ಮೂರು ಅಂದ್ರೆ ಜಾಗ ಬೇಡ. ಅದಕ್ಕೆಲ್ಲ ಗೊತ್ತು.’

‘ಅದಕ್ಕೆ ಎಲ್ಲ ಗೊತ್ತಿದ್ರೆ ನಾನ್ಯಾಕೆ?’ ಎಂದೆ.

‘ಅದಕ್ಕೆ ಗೊತ್ತಿಲ್ದೇ ಇದ್ದಾಗ ಕಂಡುಹಿಡಿಯೋಕೆ’ ಎಂದಳು. ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳಿ. ನಮ್ಮ ಬೀಗರ ಮುಂದೆ ನನಗೆ ಈ ಮಾತು ಹೊಳೆಯಲಿಲ್ಲ.

ಮೇಷ್ಟ್ರ ಪರೀಕ್ಷೆಯ ವಿಧಾನವೇ ಬೇರೆ. ಅವರ ಜೇಬಿನಲ್ಲಿ ಒಂದು ಸ್ಟೀಲ್ ಸ್ಕೇಲ್ ಇರುತ್ತಿತ್ತು. ಅದನ್ನು ಮಾನಿಟರಿನ ಮೇಲೆ ಇಟ್ಟು ಜಾಗ ಅಳೆಯುತ್ತಿದ್ದರು. ಒಂದು ದಿನ, ‘ಶೇಖರಪ್ಪಾ, ಸಮ ಚಿಹ್ನೆಗೆ ಎಡಗಡೆ ಒಂದೂವರೆ ಮಿಲಿಮೀಟರು, ಬಲಗಡೆ ಒಂದೇ. ಇದ್ಯಾವ ನ್ಯಾಯ?’ ಎಂದರು. ನಾನು ಅರ್ಧ ದಿನ ಆ ಸೂತ್ರವನ್ನು ಬಿಚ್ಚಿ ಕಟ್ಟಿದೆ. ಊಹೂಂ. ಮಧ್ಯಾಹ್ನ ಕವಿತಾ ಬಂದು ಒಂದು ಕೀಲಿ ಒತ್ತಿದಳು, ಎರಡೂ ಪಕ್ಕ ಸಮವಾಯಿತು. ಪುಟವನ್ನು ಯಾರೋ ನೂರಕ್ಕೆ ನೂರ ಹತ್ತರಷ್ಟು ದೊಡ್ಡದು ಮಾಡಿಟ್ಟಿದ್ದರು, ಹಾಗಾದಾಗ ಕೂದಲೆಳೆಯಷ್ಟು ಜಾಗ ಆಚೀಚೆ ಸರಿಯುತ್ತದಂತೆ.

‘ದೊಡ್ಡದು ಮಾಡಿದೋರು ಯಾರು?’ ಎಂದು ಮೇಷ್ಟ್ರು ಗುಡುಗಿದರು.

‘ಸಾರ್, ಬೆಳಿಗ್ಗೆ ಕನ್ನಡಕ ಮರೆತು ಬಂದಿದೀನಿ ಅಂತ ನೀವೇ ಹೇಳಿ ಮಾಡಿಸಿದ್ರಿ’ ಎಂದೆ. ಮೇಷ್ಟ್ರು ಸ್ಕೇಲನ್ನು ಜೇಬಿಗೆ ಇಳಿಸಿದರು. ಏನೇ ಅಳೆಯುವ ಮೊದಲು ಪುಟದ ಗಾತ್ರ ನೋಡಿಕೊಳ್ಳಿ. ಇದನ್ನು ಕಲಿಯಲು ನನಗೆ ಅರ್ಧ ದಿನ ಹಿಡಿಯಿತು, ನಿಮಗೆ ಪುಕ್ಕಟೆ.

ಇನ್ನು ಯಜಮಾನರ ಕಥೆ. ಅವರು ಯಾವುದೋ ಮದುವೆಗೆ ಹೋಗಿ, ಅಕ್ಷರಗಳನ್ನು ಬಿಡಿಬಿಡಿಯಾಗಿ ಅಚ್ಚು ಮಾಡಿದ್ದ ಪತ್ರಿಕೆಯೊಂದನ್ನು ಹಿಡಿದು ಬಂದರು. ‘ನಮ್ಮ ಪುಟದಲ್ಲೂ ಅಕ್ಷರ ಹಿಂಗೇ ಇರ್ಲಿ ಕಣ್ರೀ, ಸ್ವಲ್ಪ ಗಾಳಿಯಾಡ್ಲಿ’ ಎಂದರು. ಇಡೀ ಪುಟಕ್ಕೆ ಒಂದೇ ಸಾಲಿನ ಅಪ್ಪಣೆ ಬರೆದು ಗಾಳಿ ಆಡಿಸಿದೆ. ಮಾರನೇ ದಿನ ಮೇಷ್ಟ್ರು ಮೆಟ್ಟಿಲ ಮೇಲಿಂದಲೇ ಕೂಗುತ್ತಾ ಬಂದರು. ತ್ರಿಕೋನಮಿತಿಯ ಪಾಠದಲ್ಲಿ ‘sin’ ಎಂಬ ಮೂರಕ್ಷರ ಮೂರು ದಿಕ್ಕಿಗೆ ನಿಂತಿದ್ದವು. ಘಾತ ಸಂಖ್ಯೆಗಳು ತಮ್ಮ ಒಡೆಯನನ್ನು ಬಿಟ್ಟು ಪಕ್ಕದವನ ತಲೆಯ ಮೇಲೆ ಕೂತಿದ್ದವು. ‘ಇದೇನಯ್ಯಾ, ಎಸ್ ಇಂಟು ಐ ಇಂಟು ಎನ್! ಮಕ್ಕಳು ಗುಣಿಸಿಬಿಡ್ತಾರೆ ಕಣೋ!’ ಎಂದು ಅಬ್ಬರಿಸಿದರು.

ಪುಟಕ್ಕೆ ಕೊಟ್ಟ ಅಪ್ಪಣೆಯನ್ನು ಅದರೊಳಗಿನ ಸೂತ್ರಗಳೂ ಪಾಲಿಸುತ್ತವೆ ಎಂದು ನನಗೆ ಅವತ್ತು ಗೊತ್ತಾಯಿತು. ಸೂತ್ರಕ್ಕೆ ಬೇರೆಯಾಗಿ, ನೀನು ಇದನ್ನು ಕಿವಿಗೆ ಹಾಕ್ಕೋಬೇಡ ಎಂದು ಬರೆದುಬಿಟ್ಟರೆ ಆಯಿತು. ಯಜಮಾನರಿಗೆ ಹಾಗೆ ಹೇಳಲು ಮಾತ್ರ ನಮ್ಮಲ್ಲಿ ಯಾರಿಗೂ ಧೈರ್ಯವಿರಲಿಲ್ಲ.

ಇವೆಲ್ಲ ನಗುವ ವಿಷಯ. ಈಗ ನಗು ಬಾರದ ವಿಷಯಕ್ಕೆ ಬರುತ್ತೇನೆ.

ಒಂದು ಬೆಳಿಗ್ಗೆ ಆಫೀಸಿಗೆ ಫೋನು ಬಂತು. ನಾನೇ ಎತ್ತಿದೆ. ‘ಯಗಟಿಯಿಂದ ರತ್ನಮ್ಮ ಅಂತ ಮಾತಾಡ್ತಿರೋದು’ ಎಂದಿತು ಗಟ್ಟಿ ದನಿ. ಆಕೆ ಕುರಿ ಸಾಕುವ ಮನೆಯವರು. ಕುರಿಗಳಿಗೆ ಔಷಧಿ ಕುಡಿಸುವುದರಲ್ಲಿ ಕೈ ಪಳಗಿದೆ, ಊರವರೆಲ್ಲ ಕರೆಯುತ್ತಾರೆ. ಊರಿನ ದನಕುರಿಗಳ ಆರೈಕೆ ನೋಡುವ ಪಶು ಸಖಿ ಕೆಲಸ ಸಿಗಬೇಕಾದರೆ ಹತ್ತನೇ ತರಗತಿ ಪಾಸಾಗಿರಬೇಕು. ಆಕೆಗೆ ಗಣಿತ ಒಂದೇ ಬಾಕಿ, ಅದೂ ಎರಡು ಸಲ ಕಟ್ಟಿ ಎರಡು ಸಲ ಫೇಲು. ಇದು ಮೂರನೆಯದು. ಪಠ್ಯಪುಸ್ತಕದ ಮೊದಲ ಅರ್ಧವನ್ನು ಮನೆಯ ಆಡು ತಿಂದಿತ್ತಂತೆ, ಹಾಗಾಗಿ ಫೋನಿನಲ್ಲಿ ನಮ್ಮ ಪುಟಗಳನ್ನು ನೋಡಿ ಓದುತ್ತಿದ್ದರು.

‘ನಿಮ್ ಸೂತ್ರದಂಗೇ ಮಾಡ್ತೀನಿ ಸಾರ್. ನಿಮ್ ಉತ್ತರದ ಪಟ್ಟಿಗೆ ತಾಳೆ ಆಗಲ್ಲ. ಸೂತ್ರ ಸರಿ ಐತಾ ಒಂದ್ಸಲ ನೋಡಿ’ ಎಂದರು.

ಅವರು ಹೇಳಿದ ಪುಟವನ್ನು ನಾನು ಕೂತಲ್ಲೇ ತೆರೆದೆ. ಮೂರು, ಏಳು, ಹನ್ನೊಂದು ಎಂದು ಒಂದೇ ಸಮ ಏರುವ ಸಂಖ್ಯೆಗಳ ಪಾಠ ಅದು. ಸೂತ್ರ ಕನ್ನಡದಲ್ಲಿತ್ತು: ಕೊನೆಯ ಪದ = ಮೊದಲ ಪದ + (ಪದಗಳ ಸಂಖ್ಯೆ − 1) × ಸಾಮಾನ್ಯ ವ್ಯತ್ಯಾಸ. ನನ್ನ ಮಾನಿಟರಿನಲ್ಲಿ ಒಂದೇ ಸಾಲಿನಲ್ಲಿ ಲಕ್ಷಣವಾಗಿ ಕೂತಿತ್ತು. ಯಾಕೆ ಕೂರುವುದಿಲ್ಲ, ಕೂರಿಸಿದವನು ನಾನೇ.

‘ನಮ್ಮಲ್ಲಿ ಸರಿಯಾಗಿ ಕಾಣ್ತಾ ಇದೆಯಮ್ಮಾ’ ಎಂದೆ. ‘ಫೋನು ಒಂದ್ಸಲ ಆಫ್ ಮಾಡಿ ಆನ್ ಮಾಡಿ. ಉತ್ತರದ ಪಟ್ಟಿ ನಮ್ಮ ಮೇಷ್ಟ್ರು ಮಾಡಿರೋದು, ತಪ್ಪಿರಲ್ಲ. ನೀವೇ ಇನ್ನೊಂದ್ಸಲ ಗಮನ ಕೊಟ್ಟು ಲೆಕ್ಕ ಮಾಡಿ.’

‘ಹಂಗಾ? ನನ್ನದೇ ತಪ್ಪಿರ್ಬೇಕು ಬಿಡಿ’ ಎಂದು ಫೋನು ಇಟ್ಟರು. ನಾನು ದೂರಿನ ಪುಸ್ತಕದಲ್ಲಿ ‘ತೊಂದರೆ ಇಲ್ಲ’ ಎಂದು ಬರೆದು, ಕೆಳಗೆ ಗೆರೆ ಎಳೆದು ಕಾಫಿಗೆ ಹೋದೆ.

ಒಂದು ತಿಂಗಳಾದ ಮೇಲೆ ಮತ್ತೆ ಆಕೆಯ ಫೋನು. ಅವತ್ತು ನನ್ನ ಅದೃಷ್ಟ ಕೆಟ್ಟಿತ್ತು, ಆಕೆಯ ಅದೃಷ್ಟ ಚೆನ್ನಾಗಿತ್ತು, ಮೇಷ್ಟ್ರು ಎತ್ತಿದರು. ಯಾರಾದರೂ ಲೆಕ್ಕ ಬರಲ್ಲ ಎಂದರೆ ಅವರಿಗೆ ಊಟ ಬೇಡ, ನೀರು ಬೇಡ. ಮೂರು ಲೆಕ್ಕ ಕೊಟ್ಟು, ಉತ್ತರ ಹೇಳಿಸಿ, ಕಾಗದದ ಮೇಲೆ ಬರೆದುಕೊಂಡರು. ಆಮೇಲೆ ನನ್ನನ್ನು ಕರೆದರು.

‘ನೋಡು. ಮೂರು, ಏಳು, ಹನ್ನೊಂದು ಶ್ರೇಢಿಯ ಹತ್ತನೇ ಪದ ಮೂವತ್ತೊಂಬತ್ತು. ಆಯಮ್ಮ ನಲವತ್ಮೂರು ಅಂದ್ರು. ನಾಲ್ಕು ಜಾಸ್ತಿ. ಐದು, ಎಂಟು, ಹನ್ನೊಂದರ ಇಪ್ಪತ್ತನೇದು ಅರವತ್ತೆರಡು. ಅವರ್ದು ಅರವತ್ತೈದು. ಮೂರು ಜಾಸ್ತಿ. ಪ್ರತಿ ಸಲ ಸರಿಯಾಗಿ ಒಂದು ಮೆಟ್ಟಿಲು ಜಾಸ್ತಿ. ಲೆಕ್ಕ ಬರ್ದೇ ಇರೋರು ಇಷ್ಟು ಶಿಸ್ತಾಗಿ ತಪ್ಪು ಮಾಡಲ್ಲ ಕಣಯ್ಯಾ.’

ಫೋನಿನಲ್ಲಿ ರತ್ನಮ್ಮ ಇನ್ನೂ ಇದ್ದರು. ‘ಸಂಖ್ಯೆಯಲ್ಲಿ ಒಂದು ಕಳೀಬೇಕಲ್ಲಮ್ಮ’ ಎಂದರು ಮೇಷ್ಟ್ರು.

‘ಕಳಿ ಅಂತ ಎಲ್ಲಿ ಬರ್ದಿದೀರ ಸಾರ್? ಸಂಖ್ಯೆ ಪಕ್ಕದಲ್ಲಿ ಒಂದು ಅಂಟ್ಕೊಂಡೈತೆ. ಪಕ್ಕಪಕ್ಕ ಇದ್ರೆ ಗುಣಿಸ್ಬೇಕು ಅಂತ ನೀವೇ ಹಿಂದಿನ ಪಾಠದಲ್ಲಿ ಹೇಳೀರಿ. ಗುಣಿಸಿದೆ.’

ಮೇಷ್ಟ್ರು ಫೋನು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಮಾನಿಟರ್ ನೋಡಿದೆ, ಕಳೆಯುವ ಚಿಹ್ನೆ ಅಲ್ಲೇ ಇತ್ತು. ಕವಿತಾಳ ಫೋನಿನಲ್ಲೂ ಇತ್ತು, ಯಜಮಾನರ ಫೋನಿನಲ್ಲೂ ಇತ್ತು. ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ‘ಒಂದು ಸೂತ್ರ ಹಿಂಗಾಗಿದ್ರೆ ಇನ್ನೆಷ್ಟು ಹಿಂಗಾಗಿದಾವೋ. ತಪ್ಪು ಸೂತ್ರ ಬಾಯಿಪಾಠ ಮಾಡ್ಕೊಂಡು ಆಯಮ್ಮ ಪರೀಕ್ಷೆಗೆ ಕೂರ್ತಾರೆ. ಎಲ್ಲಾ ಸೂತ್ರ ಕಾಗದದ ಮೇಲೆ ತೆಗೆಸ್ಕೊಂಡು ಹೋಗು, ಅವರ ಫೋನಿನ ಪಕ್ಕ ಇಟ್ಟು ಒಂದೊಂದೇ ತಾಳೆ ನೋಡ್ಕೊಂಡು ಬಾ’ ಎಂದರು ಮೇಷ್ಟ್ರು.

ಆ ಕೆಲಸದಲ್ಲಿ ಓದುವವರ ಮನೆಗೆ ನಾನು ಹೋದದ್ದು ಅದೇ ಮೊದಲು. ಯಗಟಿ ಬಸ್ಸಿಳಿದು ಕೇಳಿಕೊಂಡು ಹೋದೆ. ರತ್ನಮ್ಮನ ಅತ್ತೆ ಹಟ್ಟಿಯ ಮುಂದೆ ರಾಗಿ ಕೇರುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಇವ್ರೇನಾ ಗೆರೆ ನುಂಗಿದೋರು?’ ಎಂದು ಸೊಸೆಯನ್ನು ಕೇಳಿದರು. ನಾನು ನಗಲು ಪ್ರಯತ್ನಿಸಿದೆ, ಆ ಯಜಮಾನಿ ನಗಲಿಲ್ಲ.

ರತ್ನಮ್ಮ ಫೋನು ಕೊಟ್ಟರು. ಅಲ್ಲಿ ನೆಟ್‌ವರ್ಕ್ ಕುಂಟುತ್ತಿತ್ತು, ಪುಟ ನಿಧಾನಕ್ಕೆ ತೆರೆಯಿತು. ಪುಟದ ಜೊತೆ ಇಳಿದು ಬರಬೇಕಿದ್ದ ನಮ್ಮ ಪ್ರೆಸ್ಸಿನ ಅಕ್ಷರಗಳು, ಅಂದರೆ ಫಾಂಟು, ಬರಲೇ ಇಲ್ಲ, ಫೋನು ತನ್ನದೇ ಅಗಲ ಅಕ್ಷರಗಳನ್ನು ಹಾಕಿಕೊಂಡಿತು. ‘ಸಂಖ್ಯೆ’ ಎಂಬ ಪದದ ಕೊನೆಯ ಒತ್ತಿನ ಬಾಲ ಬಲಕ್ಕೆ ಚಾಚಿ, ಕಳೆಯುವ ಚಿಹ್ನೆಯ ಮೇಲೆ ಕೂತಿತ್ತು. ಗೆರೆ ಆ ಬಾಲದಲ್ಲೇ ಸೇರಿಹೋಗಿತ್ತು. ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ಅಲ್ಲಿ ಇನ್ನೊಂದು ಚಿಹ್ನೆ ಇದೆ ಎಂದು ಹೇಳುವ ಹಾಗಿರಲಿಲ್ಲ.

ನನಗೆ ಕೂಡಲೇ ಗೊತ್ತಾಯಿತು. ಆ ಸೂತ್ರ ಉದ್ದವಾಗಿ ಎರಡನೇ ಸಾಲಿಗೆ ಬೀಳುತ್ತಿತ್ತು. ಯಜಮಾನರು ಒಂದೇ ಸಾಲು ಬೇಕೆಂದಿದ್ದರು. ನಾನು ಏನು ಮಾಡಿದ್ದೆ ಗೊತ್ತೇ? ಜಾಗವನ್ನು ಹಿಂದಕ್ಕೆಳೆಯುವ ಸಂಕೇತವೊಂದಿದೆ, ಅದನ್ನು ಚಿಹ್ನೆಗಳ ಆಚೀಚೆ ಹಾಕಿ, ನನ್ನ ಮಾನಿಟರ್ ನೋಡಿಕೊಂಡು ಬಿಗಿ ಮಾಡಿದ್ದೆ. ಅದೇ ಮೊಳೆ ಉಜ್ಜುವ ಬುದ್ಧಿ. ಸೀಸದಲ್ಲಿ ಒಂದು ಸಲ ಉಜ್ಜಿದರೆ ಎಲ್ಲ ಕಾಗದದ ಮೇಲೂ ಅದೇ ಅಚ್ಚು ಬೀಳುತ್ತಿತ್ತು. ಇಲ್ಲಿ ಪ್ರತಿ ಫೋನೂ ತನ್ನ ಅಕ್ಷರದಲ್ಲಿ ಹೊಸದಾಗಿ ಜೋಡಿಸಿಕೊಳ್ಳುತ್ತದೆ. ಆಫೀಸಿನ ಕಂಪ್ಯೂಟರುಗಳಲ್ಲಿ ನಮ್ಮ ಅಕ್ಷರ ಮೊದಲೇ ಇತ್ತು. ನಮ್ಮ ಫೋನುಗಳು ಆ ಪುಟವನ್ನು ನೂರು ಸಲ ತೆರೆದು ಅಕ್ಷರಗಳನ್ನು ಒಳಗಿಟ್ಟುಕೊಂಡಿದ್ದವು. ಹಾಗಾಗಿ ನಮ್ಮ ಕಣ್ಣಿಗೆ ಅದು ಯಾವತ್ತೂ ಕೆಟ್ಟು ಕಾಣಲಿಲ್ಲ.

ಕಾಗದ ಬಿಚ್ಚಿ ಒಂದೊಂದಾಗಿ ತಾಳೆ ನೋಡಿದೆವು. ಇನ್ನೂ ನಾಲ್ಕು ಕಡೆ ಹೀಗೇ ಆಗಿತ್ತು. ನಾಲ್ಕೂ ನನ್ನ ಕೈಚಳಕವೇ. ಸಾಫ್ಟ್‌ವೇರ್ ತೊಂದರೆ ಎಂದುಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಆಕೆ ತಮ್ಮ ನೋಟ್‌ಬುಕ್ ತಂದು ಎದುರಿಗಿಟ್ಟರು. ಅದೇ ಒಂದು ಪಾಠದ ಲೆಕ್ಕಗಳು ಪುಟಗಟ್ಟಲೆ. ಪ್ರತಿ ಲೆಕ್ಕವನ್ನೂ ಮೂರು ಮೂರು ಸಲ ಮಾಡಿ, ಮೂರು ಸಲವೂ ಅದೇ ಉತ್ತರ ಬಂದು, ಮೂರಕ್ಕೂ ತಾವೇ ಕೆಂಪು ಗೀಟು ಹೊಡೆದುಕೊಂಡಿದ್ದರು.

‘ಇದು ಕಂಪ್ಯೂಟರ್ ಮಾಡಿದ ತಪ್ಪಲ್ಲಮ್ಮಾ. ನಾನು ಮಾಡಿದ್ದು’ ಎಂದೆ.

ಆಕೆ ನೋಟ್‌ಬುಕ್ಕಿನ ಕಡೆ ನೋಡುತ್ತಾ, ‘ಹಂಗಾದ್ರೆ ನಾನು ಮಾಡಿದ್ದು ಸರೀನೇ?’ ಎಂದರು.

‘ನಿಮಗೆ ಕಂಡ ಸೂತ್ರಕ್ಕೆ ಒಂದು ಲೆಕ್ಕವೂ ತಪ್ಪಿಲ್ಲ.’

‘ಈ ಸಲ ಪರೀಕ್ಷೆಗೆ ಕೂರಲ್ಲ ಅಂತ ಮನೇಲಿ ಹೇಳ್ಬಿಟ್ಟಿದ್ದೆ ಸಾರ್. ನನ್ ತಲೆಗೆ ಇದು ಹತ್ತಲ್ಲ ಅಂತ. ಕೊನೇಗೆ ಒಂದ್ಸಲ ಕೇಳಾನ ಅಂತ ಮೊನ್ನೆ ಫೋನ್ ಮಾಡಿದ್ದು.’

ಅತ್ತೆ ಮೊರ ಕೆಳಗಿಟ್ಟರು. ‘ಕೂತ್ಕೋತಾಳೆ ಬಿಡಿ’ ಎಂದರು ನನಗೆ. ಆಮೇಲೆ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ಬೈದಿದ್ದರೆ ಕುಡಿಯಲು ಸುಲಭವಾಗುತ್ತಿತ್ತು.

ಕಡೂರಿಗೆ ವಾಪಸು ಬಂದು, ಕವಿತಾ ಮತ್ತು ನಾನು ಕೂತು, ನಾನು ಉಜ್ಜಿದ್ದ ಪ್ರತಿಯೊಂದು ಜಾಗವನ್ನೂ ಹುಡುಕಿ ಬಿಡಿಸಿದೆವು. ಉದ್ದದ ಸೂತ್ರ ಎರಡನೇ ಸಾಲಿಗೆ ಬಿದ್ದರೆ ಬೀಳಲಿ ಎಂದು ಯಜಮಾನರಿಗೆ ಮೇಷ್ಟ್ರೇ ಹೇಳಿದರು. ಆಮೇಲೆ ಆಫೀಸಿಗೊಂದು ಹಳೇ ಫೋನು ತಂದು, ಅದರಲ್ಲಿ ನಮ್ಮ ಅಕ್ಷರ ಸೇರದ ಹಾಗೆ ನೋಡಿಕೊಂಡು, ಪ್ರತಿ ಪುಟವನ್ನೂ ಮೊದಲು ಅದರಲ್ಲಿ ತೆರೆಯುವ ಪದ್ಧತಿ ಮಾಡಿದೆವು. ಅದಕ್ಕೆ ‘ಯಗಟಿ’ ಎಂದೇ ಹೆಸರು. ‘ಯಗಟಿಲಿ ನೋಡಿದ್ರಾ?’ ಎಂದು ನಿಮ್ಮನ್ನು ಯಾರಾದರೂ ಕೇಳಿದರೆ ಬಸ್ ಸ್ಟ್ಯಾಂಡಿಗೆ ಓಡಬೇಡಿ, ಮೇಜಿನ ಎಡಗಡೆ ಡ್ರಾಯರ್ ನೋಡಿ.

ಆ ಹದಿನೈದು ದಿನ ಮೇಷ್ಟ್ರು ರತ್ನಮ್ಮನಿಗೆ ದಿನಾ ಫೋನಿನಲ್ಲಿ ಲೆಕ್ಕ ಹಾಕಿಸಿದರು. ಬಾಯಿಪಾಠವಾಗಿದ್ದ ತಪ್ಪನ್ನು ಬಿಡಿಸುವುದು ಹೊಸದು ಕಲಿಸುವುದಕ್ಕಿಂತ ಕಷ್ಟ ಎಂದು ನನ್ನ ಕಡೆ ನೋಡಿ ನೋಡಿ ಹೇಳುತ್ತಿದ್ದರು. ಫಲಿತಾಂಶದ ದಿನ ಅವರು ಅಜ್ಜಂಪುರದ ರೈಲಿನಿಂದ ಇಳಿದು ಬರುವ ಮೊದಲೇ ಫೋನು ಹೊಡೆದುಕೊಂಡಿತು. ನಾನು ಎತ್ತಿದೆ.

‘ಪಾಸು ಸಾರ್!’ ಎಂದರು ರತ್ನಮ್ಮ.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಕವಿತಾ ಚಪ್ಪಾಳೆ ಹೊಡೆದಳು. ಆ ಪಾಠದ ಲೆಕ್ಕವೂ ಬಂದಿತ್ತಂತೆ, ಒಂದು ಕಳೆದರಂತೆ. ‘ಅಬ್ಬಾ, ಬದುಕಿದೆ ಕಣಮ್ಮಾ. ಸದ್ಯ, ಎಲ್ಲಾ ಸರಿಹೋಯ್ತಲ್ಲ’ ಎಂದೆ.

‘ಸರಿಹೋಯ್ತು ಸಾರ್’ ಎಂದರು ಆಕೆ. ಸ್ವಲ್ಪ ತಡೆದು, ‘ಒಂದು ಮಾತು ಕೇಳ್ಲಾ? ಮೊದಲ್ನೇ ಸಲ ಫೋನ್ ಮಾಡ್ದಾಗ, ನಿಮಗೇನು ಕಾಣ್ತೈತೆ ರತ್ನಮ್ಮ, ಓದಿ ಹೇಳಿ ಅಂತ ನೀವ್ಯಾಕೆ ಕೇಳ್ಲಿಲ್ಲ?’ ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ಓದಿಸಿದ್ದರೆ ಅರ್ಧ ನಿಮಿಷದ ಕೆಲಸ. ಆಕೆ ಒಂದು ತಿಂಗಳು ತಮ್ಮನ್ನೇ ದಡ್ಡಿ ಎಂದುಕೊಂಡು ಕೆಂಪು ಗೀಟು ಹೊಡೆದುಕೊಳ್ಳುವುದು ತಪ್ಪುತ್ತಿತ್ತು.

‘ತಪ್ಪಾಯ್ತಮ್ಮಾ’ ಎಂದೆ.

‘ಹೂಂ’ ಎಂದರು ರತ್ನಮ್ಮ. ‘ಮೇಷ್ಟ್ರು ಬಂದ್ರೆ ಫೋನ್ ಕೊಡಿ. ಅವರಿಗೆ ನಾನೇ ಹೇಳ್ಬೇಕು.’